ಬಟ್ಟಲಷ್ಟು ಹೊಟ್ಟೆ

ಎಲ್ಲಕ್ಕೂ ಕಾರಣ ಆಸ್ಪತ್ರೆಯ ಒಂದು ಹಳದಿ ಪರದೆ.

ತೂಕ ಇಳಿಸಲು ಹೊಟ್ಟೆಯನ್ನು ಚಿಕ್ಕದು ಮಾಡುವ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅಂಚೆ ಕಚೇರಿಯ ಪಾರ್ಸೆಲ್ ಗುಮಾಸ್ತ ಆಸ್ಪತ್ರೆಯಿಂದಲೇ ಪೋಸ್ಟ್‌ಮಾಸ್ಟರಿಗೆ ಫೋನು ಹಚ್ಚಿ ಎರಡು ತಿಂಗಳ ರಜೆ ಕೇಳಿದ. “ಎರಡು ತಿಂಗಳಾ? ಏನಾಗಿದೆಯಯ್ಯಾ ನಿನಗೆ?” ಎಂದು ಆ ಕಡೆಯಿಂದ ಗುಡುಗು ಕೇಳಿಸಿತು. ನೂರ ಮೂವತ್ತೊಂದು ಕಿಲೋ ತೂಗುತ್ತಿದ್ದ ಗುಮಾಸ್ತನಿಗೆ ಕಚೇರಿಯಲ್ಲಿ ಇದ್ದ ಹೆಸರೇ ಗುಡಾಣ. ಗುಡಾಣದ ಹೊಟ್ಟೆಗೆ ಆಪರೇಷನ್ ಎಂದು ತಿಳಿದರೆ ಇಡೀ ಕಚೇರಿಗೆ ನಿವೃತ್ತಿಯವರೆಗೂ ನಗಲು ಸರಕು ಸಿಕ್ಕಂತಾಗುತ್ತಿತ್ತು. ಅವನ ನಾಲಿಗೆ ತಡವರಿಸಿತು. ಕಣ್ಣೆದುರಿಗೆ ಕಿಟಕಿಯ ಹಳದಿ ಪರದೆ ತೂಗಾಡುತ್ತಿತ್ತು.

“ಕಾ... ಕಾಮಾಲೆ ಸಾರ್,” ಅಂದುಬಿಟ್ಟ.

ಆಮೇಲೆ ಅದನ್ನೇ ರಜೆ ಅರ್ಜಿಯಲ್ಲಿಯೂ ಬರೆದು ಸಹಿ ಹಾಕಿ ಕಳಿಸಿದ. ಬಾಯಲ್ಲಿ ಹುಟ್ಟಿದ ಸುಳ್ಳು ಹೀಗೆ ಸರಕಾರಿ ಕಾಗದ ಸೇರಿ ಭದ್ರವಾಯಿತು.

ಆಪರೇಷನ್ ಮಾತ್ರ ಹೂವೆತ್ತಿದಷ್ಟು ಸಲೀಸಾಗಿ ಮುಗಿಯಿತು. ಐದು ಪುಟ್ಟ ತೂತುಗಳು ಒಣಗಿ, ಹೊಟ್ಟೆಯ ಮೇಲೆ ಸೊಳ್ಳೆ ಕಚ್ಚಿದಷ್ಟು ಗುರುತು ಉಳಿಯಿತು. ಎಂಟು ವಾರದಲ್ಲಿ ಇಪ್ಪತ್ತೆರಡು ಕಿಲೋ ಕರಗಿತು. ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ, ಮಲಗಿದರೆ ಗೊರಕೆಯಿಲ್ಲ. ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಬಗ್ಗಿ ನೋಡಿದರೆ ತನ್ನ ಕಾಲಿನ ಹತ್ತೂ ಬೆರಳುಗಳು ಕಾಣಿಸಿದವು! ಊರು ಬಿಟ್ಟುಹೋಗಿದ್ದ ಗೆಳೆಯರು ಒಟ್ಟಿಗೇ ಮನೆಗೆ ಬಂದಂತಾಗಿ ಗುಡಾಣ ಬಚ್ಚಲಲ್ಲಿಯೇ ಕಣ್ಣೊದ್ದೆ ಮಾಡಿಕೊಂಡ. ಮೈ ಇಳಿದರೂ ಹೆಸರು ಮಾತ್ರ ಹಳೆಯ ಅಳತೆಯಲ್ಲೇ ಉಳಿದಿತ್ತು.

ಅವನ ಹೊಟ್ಟೆ ಈಗ ಒಂದು ಪುಟ್ಟ ಬಟ್ಟಲಿನಷ್ಟು. ಆಸ್ಪತ್ರೆಯಲ್ಲಿ ಪಥ್ಯ ನೋಡಿಕೊಳ್ಳುವ ಮೇಡಂ ಹಾಕಿಕೊಟ್ಟ ನಿಯಮವೂ ಅಷ್ಟೇ ಬಿಗಿ. ಒಂದು ಹೊತ್ತಿಗೆ ಒಂದು ಬಟ್ಟಲು. ಒಂದೊಂದು ತುತ್ತನ್ನೂ ಮೂವತ್ತು ಸಲ ಅಗಿಯಬೇಕು. ಊಟದ ಜೊತೆ ನೀರು ಕುಡಿಯುವಂತಿಲ್ಲ. ಸಿಹಿ, ಎಣ್ಣೆ ಎರಡೂ ದೂರ. ಮೊದಮೊದಲು ತಿಳಿನೀರಿನಂಥದು, ಆಮೇಲೆ ಗಂಜಿಯಂಥದು, ಈಗೊಂದು ತಿಂಗಳಿಂದ ಹಿಸುಕಿದ್ದು. ಹಿಸುಕಿದ ಮೊಟ್ಟೆ, ಹಿಸುಕಿದ ಬೇಳೆ, ಹಿಸುಕಿದ ತರಕಾರಿ. ಹಲ್ಲುಗಳಿಗೆ ಕೆಲಸವೇ ಇಲ್ಲ. ರಾತ್ರಿ ಕನಸಿನಲ್ಲಿ ಅವನು ‘ಕರುಂ’ ಎಂಬ ಶಬ್ದ ಕೇಳಿ ಎಚ್ಚರಗೊಳ್ಳುತ್ತಿದ್ದ. ಗರಿಗರಿಯಾಗಿ ಸುಟ್ಟ ಒಂದೇ ಒಂದು ಬ್ರೆಡ್ಡಿನ ಚೂರು ಸಿಕ್ಕಿದ್ದರೆ ಬದಲಿಗೆ ತನ್ನ ಕೈಗಡಿಯಾರ ಕೊಡಲೂ ತಯಾರಿದ್ದ.

ಆ ದಿನ ಎರಡು ವಿಶೇಷ. ಬೆಳಿಗ್ಗೆ ಕೆಲಸಕ್ಕೆ ವಾಪಸು ಹೋಗಬೇಕು. ಸಂಜೆ ನಾಲ್ಕೂವರೆಗೆ ಮೇಡಂ ತಪಾಸಣೆ ಮಾಡುತ್ತಾರೆ. ಎಲ್ಲ ಸರಿಯಿದ್ದರೆ ಅಂದಿನಿಂದಲೇ ಗರಿಗರಿಯದಕ್ಕೆ ಅನುಮತಿ.

ಹೆಂಡತಿ ಐದು ಪುಟ್ಟ ಬಟ್ಟಲುಗಳಿಗೆ ಮುಚ್ಚಳ ಹಾಕಿ ಬಟ್ಟೆಯ ಚೀಲದಲ್ಲಿಟ್ಟಳು.

“ರೀ, ಇವತ್ತಾದ್ರೂ ನಿಜ ಹೇಳಿಬಿಡಿ. ಆಪರೇಷನ್ ಮಾಡಿಸ್ಕೊಂಡಿದ್ದು ಅಂತ. ಯಾರೇನ್ ತಿಂದುಹಾಕ್ತಾರೆ?”

“ತಿಂದುಹಾಕಲ್ಲ ಕಣೇ. ಮೆಮೊ ಕೊಡ್ತಾರೆ. ಸುಳ್ಳು ಕಾರಣ ಬರೆದು ಎರಡು ತಿಂಗಳು ರಜೆ ಹಾಕಿದ್ದು ಗೊತ್ತಾದ್ರೆ ನಮ್ಮ ಸಾಹೇಬರು ನನ್ನನ್ನೇ ಪ್ಯಾಕ್ ಮಾಡಿ ಕಳಿಸ್ತಾರೆ.”

ಅಷ್ಟು ಹೇಳಿ ಬಾಗಿಲು ದಾಟಿದ್ದೇ ತಡ, ಮೇಲಿನ ಮನೆಯ ಹೆಡ್‌ಮಿಸ್ಸು ಮೆಟ್ಟಿಲಿನ ತಿರುವಿನಲ್ಲಿ ಅಡ್ಡ ನಿಂತಿದ್ದರು. ಶಾಲೆಯಿಂದ ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು. ಆದರೂ ಅವರ ಎದುರಿಗೆ ನಿಂತವರು ತಮಗೇ ಗೊತ್ತಿಲ್ಲದಂತೆ ಕೈಕಟ್ಟಿ ನಿಲ್ಲುತ್ತಿದ್ದರು. ಗುಡಾಣನೂ ಕೈಕಟ್ಟಿದ.

“ಏನೋ ಇದು ಅವತಾರ! ಆಳು ಅರ್ಧ ಆಗಿಹೋಗಿದೀಯಲ್ಲೋ! ಕಾಮಾಲೆ ಅಂದ್ರೆ ಹೀಗೂ ಹಿಂಡಿಬಿಡತ್ತಾ? ತಗೋ. ಬಾದಾಮಿ, ಖರ್ಜೂರ, ಬೆಲ್ಲ, ಕೆನೆ, ಎಲ್ಲ ಹಾಕಿ ಕಾಸಿದೀನಿ. ನನ್ನ ಮುಂದೆ ಕುಡಿ.”

ಅವರ ಕೈಯಲ್ಲಿದ್ದುದು ಲೋಟವೋ ಬಕೆಟ್ಟೋ ಹೇಳುವುದು ಕಷ್ಟ. ಅದರೊಳಗಿನ ಹಾಲು ಗೋಡೆಗೆ ಹಚ್ಚುವ ಬಣ್ಣದಷ್ಟು ಗಟ್ಟಿಯಾಗಿತ್ತು. ಎರಡು ಗುಟುಕು ಹೋದರೆ ತಲೆ ಗಿರ್ರೆನ್ನುತ್ತದೆ, ನಾಲ್ಕು ಗುಟುಕು ಹೋದರೆ ನೇರವಾಗಿ ಆಸ್ಪತ್ರೆ.

“ಮಿಸ್... ಬಸ್ಸು ಬಂತು ಮಿಸ್. ಆಫೀಸಲ್ಲಿ ಕುಡೀತೀನಿ.”

“ಹಾಗೆ ಬಾ ದಾರಿಗೆ,” ಎಂದವರು ಸೆರಗಿನ ಮರೆಯಿಂದ ಒಂದು ಬಾಟಲಿ ತೆಗೆದು ಹಾಲನ್ನೆಲ್ಲ ಅದಕ್ಕೆ ಸುರಿದುಕೊಟ್ಟರು. ಹುಡುಗರ ನೆಪಗಳನ್ನೆಲ್ಲ ಮೂವತ್ತು ವರ್ಷ ಕೇಳಿದ್ದ ಹೆಂಗಸು ಅದಕ್ಕೂ ತಯಾರಾಗಿಯೇ ಬಂದಿದ್ದರು. “ಖಾಲಿ ಬಾಟಲಿ ಸಾಯಂಕಾಲ ತಂದು ತೋರಿಸ್ಬೇಕು.”

ಕಚೇರಿಯ ಬಾಗಿಲು ದಾಟಿದರೆ ಅಲ್ಲಿ ಇನ್ನೊಂದು ದಿಬ್ಬಣ. ಅಂಚೆಚೀಲ ಹೊರುವ ಮೈಕಾಸುರ ಮೊದಲು ನೋಡಿದವನು. ಅವನ ಗಂಟಲಿಗೆ ಆ ಹೆಸರು ಹೇಳಿ ಮಾಡಿಸಿದಂತಿತ್ತು. ಅವನು ಗುಟ್ಟು ಹೇಳಿದರೆ ಎದುರು ಬೀದಿಯವರು ತಿರುಗಿ ನೋಡುತ್ತಿದ್ದರು.

“ಗುಡಾಣಣ್ಣಾ! ಅಯ್ಯಯ್ಯೋ ಏನಾಗೋದ್ಯಣ್ಣಾ! ನಮ್ಮ ಗುಡಾಣ ಹೂಜಿ ಆಗಿದೆ, ಬನ್ರೋ ನೋಡ್ರೋ!”

ಸ್ಟಾಂಪು ಮಾರುವ ಕೌಂಟರಿನ ಮೇಡಂ ಕರ್ಚೀಫು ಕಣ್ಣಿಗೊತ್ತಿಕೊಂಡರು. “ಅಣ್ಣಾ, ನಿಮ್ಮ ಮುಖ ನೋಡೋಕಾಗ್ತಿಲ್ಲ. ಕೆನ್ನೆ ಎಲ್ಲಿ ಹೋಯ್ತು? ಬೆಳಗಿನ ಜಾವ ಐದಕ್ಕೆ ಎದ್ದು ಆರು ಮೊಟ್ಟೆ ಬೇಯಿಸಿದೀನಿ ನಿಮಗೋಸ್ಕರ. ಕೈಯಾರೆ ಸುಲಿದು ತಂದಿದೀನಿ. ಬೇಡ ಅನ್ಬಾರ್ದು.”

ಬೇಡ ಎನ್ನುವುದಕ್ಕೆ ಬಾಯಿ ತೆರೆದದ್ದೇ ತಪ್ಪಾಯಿತು. ಮೈಕಾಸುರ ಎಲ್ಲಿಂದಲೋ ಒಂದು ಕೇಕಿನ ತುಂಡು ತಂದು ಆ ಬಾಯೊಳಗೆ ತುರುಕಿಬಿಟ್ಟ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಗುಡಾಣ ಅಗಿಯತೊಡಗಿದ. ಒಂದು, ಎರಡು, ಮೂರು...

ಅಷ್ಟರಲ್ಲಿ ಕೌಂಟರಿನ ಮುಂದೆ ಒಬ್ಬ ದಪ್ಪ ಮೀಸೆಯ ಗಿರಾಕಿ ಬಂದು ನಿಂತಿದ್ದ. “ಈ ಪೆಟ್ಟಿಗೆ ತಲುಪೋಕೆ ಎಷ್ಟು ದಿನ ಬೇಕು ಸಾರ್?”

ಗುಡಾಣ ಒಂದು ಬೆರಳೆತ್ತಿ ತಾಳು ಎಂದು ಸನ್ನೆ ಮಾಡಿದ.

“ಒಂದೇ ದಿನಾನಾ? ಪರವಾಗಿಲ್ವೇ!”

ಗುಡಾಣ ಗಾಬರಿಯಿಂದ ಎರಡೂ ಕೈ ಆಡಿಸಿದ. ಹನ್ನೊಂದು, ಹನ್ನೆರಡು...

“ಹತ್ತು ದಿನಾನಾ? ಈಗ ಒಂದು ಅಂದ್ರಿ!”

ಹದಿನೆಂಟು, ಹತ್ತೊಂಬತ್ತು. ಗಿರಾಕಿಯ ಮೀಸೆ ಕುಣಿಯಿತು. ಇಪ್ಪತ್ತೈದಕ್ಕೆ ಅವನು ದೂರಿನ ಪುಸ್ತಕ ಕೇಳಿದ. ಮೂವತ್ತಕ್ಕೆ ಗುಡಾಣ ನುಂಗಿ, “ಮೂರು ದಿನ ಸಾರ್,” ಎನ್ನುವ ಹೊತ್ತಿಗೆ ಗಿರಾಕಿ ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು, “ನಾನೇ ನಡಕೊಂಡು ಹೋಗಿ ಕೊಟ್ಟು ಬರ್ತೀನಿ, ಬೇಗ ತಲುಪತ್ತೆ,” ಎಂದು ಹೊರಟುಹೋಗಿದ್ದ.

ಹೀಗೆ ನಡೆಯುವುದಿಲ್ಲ ಎಂದು ಗುಡಾಣನಿಗೆ ಮನವರಿಕೆಯಾಯಿತು. ಒಂದು ತುತ್ತು ಕೇಕಿಗೇ ಎದೆಯಲ್ಲಿ ಯಾರೋ ಮುಷ್ಟಿ ಬಿಗಿದಂತಾಗಿತ್ತು. ಹದಿನೆಂಟು ವರ್ಷದ ಸೇವೆಯಲ್ಲಿ ಅವನು ಕಲಿತಿದ್ದ ವಿದ್ಯೆ ಒಂದೇ. ಏನನ್ನು ಕೊಟ್ಟರೂ ಪ್ಯಾಕ್ ಮಾಡುವುದು. ಕೌಂಟರಿನ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟುಕೊಂಡ. ಮೇಡಂ ಅತ್ತ ಸ್ಟಾಂಪು ಹರಿಯುವಾಗ ಇತ್ತ ಆರು ಮೊಟ್ಟೆ ಒಂದರ ಹಿಂದೊಂದು ಪೆಟ್ಟಿಗೆಗೆ ಇಳಿದವು. ಹೆಡ್‌ಮಿಸ್ಸಿನ ಬಾಟಲಿ ಮೂಲೆಗೆ ಒರಗಿ ಕೂತಿತು.

ಉಪಾಯ ಭರ್ಜರಿಯಾಗಿ ಕೈಕೊಟ್ಟಿತು. ತಟ್ಟೆ ಖಾಲಿಯಾದದ್ದನ್ನು ನೋಡಿದ ಮೇಡಂ ಚಪ್ಪಾಳೆ ತಟ್ಟಿದರು.

“ಎರಡು ನಿಮಿಷದಲ್ಲಿ ಆರು ಮೊಟ್ಟೆ! ಪಾಪ, ಎಷ್ಟು ಹಸಿದಿದ್ರೋ ಅಣ್ಣ! ತಡೀರಿ, ಕ್ಯಾಂಟೀನಿಗೆ ಹೇಳ್ತೀನಿ.”

“ಬೇಡ ಮೇಡಂ, ಹೊಟ್ಟೆ ತುಂಬಿದೆ...”

“ಸಂಕೋಚ ಪಡಬೇಡಣ್ಣಾ!” ಎಂದು ಮೈಕಾಸುರ ಕೂಗಿದ. ಎದುರು ಬೀದಿಯ ಬೇಕರಿಯವನು ಅದನ್ನು ತನಗೆ ಕೊಟ್ಟ ಆರ್ಡರ್ ಎಂದುಕೊಂಡನೋ ಏನೋ, ಹತ್ತು ನಿಮಿಷದಲ್ಲಿ ಬೆಣ್ಣೆ ಸವರಿದ ಸಿಹಿ ಬನ್ನುಗಳ ಒಂದು ತಟ್ಟೆ ಮೈಕಾಸುರನ ಲೆಕ್ಕದಲ್ಲಿ ಬಂತು. ಅದು ಪೆಟ್ಟಿಗೆ ಸೇರಿದ್ದೇ ತಡ, ಕ್ಯಾಂಟೀನಿನ ಕರಿದ ಆಲೂಗಡ್ಡೆ ಬಂತು. ಅದು ಇಳಿಯುವಷ್ಟರಲ್ಲಿ ಬಾಳೆಹಣ್ಣಿನ ಚಿಪ್ಪು. ತಟ್ಟೆ ಎಷ್ಟು ಬೇಗ ಖಾಲಿಯಾದರೆ ಅಷ್ಟು ಬೇಗ ತುಂಬಿಕೊಳ್ಳುತ್ತಿತ್ತು. ಇತ್ತ ನಿಜವಾದ ಹಸಿವಾದಾಗಲೆಲ್ಲ ಗುಡಾಣ ಅಂಚೆಚೀಲಗಳ ಹಿಂದೆ ಕುಕ್ಕರಗಾಲಲ್ಲಿ ಕೂತು, ಕಳ್ಳನ ಹಾಗೆ ಆಚೀಚೆ ನೋಡುತ್ತ, ಹೆಂಡತಿ ಕೊಟ್ಟ ಹಿಸುಕಿದ್ದನ್ನು ಒಂದೊಂದೇ ಬಟ್ಟಲಾಗಿ ಪುಟ್ಟ ಚಮಚದಲ್ಲಿ ತಿಂದು ಬರುತ್ತಿದ್ದ.

ಒಂದು ಗಂಟೆಗೆ ಒಳಗಿನಿಂದ ಕರೆ ಬಂತು. ಪೋಸ್ಟ್‌ಮಾಸ್ಟರ್ ಸಾಹೇಬರು ಸಿಡುಕಿನ ಮನುಷ್ಯ. ಗಡಿಯಾರ ಎರಡು ನಿಮಿಷ ಹಿಂದೆ ನಡೆದರೆ ಅದಕ್ಕೂ ಮೆಮೊ ಕೊಡಬಲ್ಲವರು ಎಂದು ಕಚೇರಿಯಲ್ಲಿ ಮಾತಿತ್ತು. ಊಟದ ಹೊತ್ತಿನಲ್ಲಿ ಮಾತ್ರ ಅವರ ಮನಸ್ಸು ಬೆಣ್ಣೆ. ಮೂರಂತಸ್ತಿನ ತಮ್ಮ ಊಟದ ಡಬ್ಬಿಯಲ್ಲಿ ಮುಕ್ಕಾಲು ಪಾಲನ್ನು ದಿನವೂ ಗುಡಾಣನಿಗೇ ಬಡಿಸುತ್ತಿದ್ದರು.

“ಬಾರಯ್ಯಾ, ಬಾ. ಎರಡು ತಿಂಗಳು ಒಬ್ಬನೇ ಕೂತು ಉಂಡು ಸಾಕಾಗಿಹೋಗಿದೆ. ಎಲ್ಲ ನಿನಗೇ. ನೀನು ತಿಂದ್ರೆ ನಾನು ತಿಂದ ಹಾಗೆ.”

ಕೀಮಾ ತುಂಬಿ ಕರಿದದ್ದು, ಮೊಸರಿನಲ್ಲಿ ಬೇಯಿಸಿದ್ದು, ಸಕ್ಕರೆ ಪಾಕದಲ್ಲಿ ಮುಳುಗಿದ್ದು, ಎಲ್ಲ ಆವಿಯಾಡುತ್ತಿತ್ತು. ಗುಡಾಣ ಬಾಗಿಲ ಕಡೆಗೆ ಒಂದು ಹೆಜ್ಜೆ ಹಿಂದೆ ಸರಿದ.

“ಸಾರ್, ಕೌಂಟರ್ ಖಾಲಿ ಇದೆ. ಅಲ್ಲೇ ಕೂತು ತಿನ್ಲಾ?”

“ಓಹೋ, ಧಾರಾಳವಾಗಿ! ಕಾಗದದಲ್ಲಿ ಸುತ್ತಿ ಕೊಡ್ತೀನಿ ಇರು,” ಎಂದು ಸಾಹೇಬರು ಅಷ್ಟನ್ನೂ ತಾವೇ ಮುತುವರ್ಜಿಯಿಂದ ಸುತ್ತಿ, ತಮ್ಮ ಹೆಸರಿನ ಮೊದಲಕ್ಷರ ಹೊಲಿದಿದ್ದ ಬಿಳಿ ಕೈವಸ್ತ್ರದಲ್ಲಿ ಗಂಟು ಕಟ್ಟಿ ಕೊಟ್ಟರು.

ಗಂಟೂ ಪೆಟ್ಟಿಗೆ ಸೇರಿತು. ಗುಡಾಣ ಅದರ ಬಾಯಿಗೆ ಟೇಪು ಸುತ್ತಿ, ಸಂಜೆ ಹೋಗುವಾಗ ದಾರಿಯಲ್ಲಿ ಹಸಿದವರು ಯಾರಿಗಾದರೂ ಕೊಟ್ಟರಾಯಿತು ಎಂದು ನೆಮ್ಮದಿಯಿಂದ ಉಸಿರುಬಿಟ್ಟ. ಆಮೇಲೆ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದ. ಬಂದು ನೋಡಿದರೆ ಕೌಂಟರಿನ ಕೆಳಗೆ ಬಟಾಬಯಲು.

“ನೀನು ಭಾರ ಎತ್ಬಾರ್ದಲ್ಲಣ್ಣಾ!” ಎಂದು ಮೈಕಾಸುರ ದೂರದಿಂದಲೇ ಅರಚಿದ. “ಕೆಳಗಿದ್ದ ಪಾರ್ಸೆಲ್ಲೆಲ್ಲಾ ನಾನೇ ಎತ್ತಿ ಒಳಗೆ ಹಾಕಿದೀನಿ!”

ಗುಡಾಣ ಓಡಿದ. ಎರಡು ತಿಂಗಳ ಹಿಂದೆ ಓಡಲಾರದವನು ಈಗ ಓಡಿದ್ದನ್ನು ನೋಡಿದ್ದರೆ ಡಾಕ್ಟರಿಗೆ ಸಂತೋಷವಾಗುತ್ತಿತ್ತು. ಆದರೆ ಅವನು ತಲುಪುವ ಮೊದಲೇ ಒಳಗಿನಿಂದ ಮೈಕಾಸುರನ ಗೋಡೆ ಬಿರಿಯುವಂಥ ಕೂಗು ಎದ್ದಿತು.

“ಅಡ್ರೆಸ್ಸಿಲ್ಲದ ಪೆಟ್ಟಿಗೆ! ಏನೋ ಬೆಳ್ಳಗೆ ಸೋರ್ತಾ ಇದೆ! ಓಡ್ರೋ! ಆಸಿಡ್ಡೋ ಏನೋ, ಓಡ್ರೋ!”

ಉಲ್ಟಾ ಬಿದ್ದ ಪೆಟ್ಟಿಗೆಯ ಮೂಲೆಯಿಂದ ಹೆಡ್‌ಮಿಸ್ಸಿನ ಬಾದಾಮಿ ಹಾಲು ದಪ್ಪದಪ್ಪ ಹನಿಯಾಗಿ ತೊಟ್ಟಿಕ್ಕುತ್ತಿತ್ತು. ಎರಡೇ ನಿಮಿಷದಲ್ಲಿ ಗಿರಾಕಿಗಳು ಬೀದಿಯಲ್ಲಿದ್ದರು. ಸ್ಟಾಂಪು ಮೇಡಂ ಸ್ಟಾಂಪಿನ ಪುಸ್ತಕವನ್ನು ಕೂಸಿನಂತೆ ಎದೆಗವುಚಿಕೊಂಡು ಮೇಜಿನ ಮೇಲೆ ಹತ್ತಿದ್ದರು. ಬೇಕರಿಯವನು ಶಟರು ಎಳೆದುಕೊಂಡ. ಸಾಹೇಬರು ಕೈಗೆ ರಬ್ಬರಿನ ಗ್ಲೌಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಎರಡಡಿ ಉದ್ದದ ಸ್ಕೇಲು ಹಿಡಿದು ಬಂದರು.

“ಸಾರ್, ಅದನ್ನ ಮುಟ್ಬೇಡಿ ಸಾರ್!” ಗುಡಾಣ ಅಡ್ಡ ಬಂದ.

“ದೂರ ನಿಲ್ಲಯ್ಯಾ! ಜೀವ ಮುಖ್ಯ!” ಎಂದು ಸಾಹೇಬರು ಅವನನ್ನು ಸ್ಕೇಲಿನಿಂದಲೇ ಹಿಂದಕ್ಕೆ ತಳ್ಳಿ, ಟೇಪು ಸೀಳಿ, ಉಸಿರು ಬಿಗಿಹಿಡಿದು ಮುಚ್ಚಳ ಎತ್ತಿದರು.

ಯಾವುದೂ ಸಿಡಿಯಲಿಲ್ಲ. ಒಂದು ಮೊಟ್ಟೆ ಉರುಳಿ ಹೊರಗೆ ಬಿತ್ತು. ಉರುಳುತ್ತ ಉರುಳುತ್ತ ಹೋಗಿ ಮೇಡಂ ನಿಂತಿದ್ದ ಮೇಜಿನ ಕಾಲಿಗೆ ತಾಗಿ ನಿಂತಿತು.

ಮೇಡಂ ಅದನ್ನು ದಿಟ್ಟಿಸಿದರು. “ಇದು... ಇದು ನಾನು ಸುಲಿದ ಮೊಟ್ಟೆ!”

“ನನ್ನ ಬನ್ನು!” ಎಂದ ಮೈಕಾಸುರ. ಜೀವಮಾನದಲ್ಲಿ ಮೊದಲ ಸಲ ಅವನ ದನಿ ಪಿಸುಗುಟ್ಟಿತು.

ಸಾಹೇಬರ ಸ್ಕೇಲು ಹಾಲಿನಲ್ಲಿ ನೆಂದ ಒಂದು ಗಂಟನ್ನು ಮೇಲಕ್ಕೆತ್ತಿತು. ಮೊದಲಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು.

“ನಾವು ಪ್ರೀತಿಯಿಂದ ಕೊಟ್ಟಿದ್ದನ್ನ ನೀವು ಪಾರ್ಸೆಲ್ ಮಾಡಿದ್ರಾ ಅಣ್ಣಾ?” ಮೇಡಂ ಅತ್ತೇಬಿಟ್ಟರು.

ನಿಜ ಹೇಳಲು ಗುಡಾಣನ ಬಾಯಿ ತೆರೆಯಿತು. ಸಹಿ ಹಾಕಿದ ರಜೆ ಅರ್ಜಿ ನೆನಪಾಗಿ ಹಾಗೆಯೇ ಮುಚ್ಚಿಕೊಂಡಿತು.

ಸಾಹೇಬರು ಮೂಗಿನ ಬಟ್ಟೆ ಕಳಚಿದರು. “ಕಚೇರಿಯ ಪೆಟ್ಟಿಗೆ, ಕಚೇರಿಯ ಟೇಪು ದುರುಪಯೋಗ. ಸಾರ್ವಜನಿಕರಲ್ಲಿ ಭೀತಿ. ಮೇಲಧಿಕಾರಿಯ ಊಟಕ್ಕೆ ಅಪಮಾನ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಲಿಖಿತ ವಿವರಣೆ ನನ್ನ ಮೇಜಿನ ಮೇಲಿರ್ಬೇಕು. ಇದೆಲ್ಲ ಯಾರ್ಯಾರದೋ ಅವರವರಿಗೆ ವಾಪಸ್ ಕೊಡು!” ಮೆಮೊ ಬರೆದು, ಅದರ ನಕಲನ್ನು ಮಡಿಸಿ ಜೇಬಿಗಿಟ್ಟುಕೊಂಡು, ಮೂರೂವರೆಗೆ ವಲಯ ಕಚೇರಿಯಲ್ಲಿ ಮೀಟಿಂಗ್ ಇದೆಯೆಂದು, ಗುಡಾಣ ಗಂಟು ಬಿಚ್ಚಿ ವಾಪಸು ತುಂಬಿದ ಡಬ್ಬಿ ಹಿಡಿದು ಹೊರಟೇಹೋದರು.

ಗುಡಾಣ ನಾಲ್ಕಕ್ಕೆ ರಜೆ ಬರೆದಿಟ್ಟು ಆಸ್ಪತ್ರೆಯ ದಾರಿ ಹಿಡಿದ. ಕೆಲಸ ಹೋದರೆ ಹೆಂಡತಿಗೆ ಏನು ಹೇಳುವುದು? ವಿವರಣೆಯಲ್ಲಿ ಏನು ಬರೆಯುವುದು? ‘ಕಾಮಾಲೆಯ ಅಮಲಿನಲ್ಲಿ ಮೊಟ್ಟೆಗಳನ್ನು ಪೆಟ್ಟಿಗೆಯಲ್ಲಿಟ್ಟೆ’ ಎಂದೇ? ಇಡೀ ದಿನದಲ್ಲಿ ಅವನಿಗೆ ಉಳಿದಿದ್ದ ಒಂದೇ ಆಸೆ ಆ ‘ಕರುಂ’.

ಕಾಯುವ ಕೋಣೆಯಲ್ಲಿ ಇನ್ನೊಬ್ಬ ರೋಗಿ ಮಾತ್ರ ಇದ್ದ. ಸೆಕೆಯಲ್ಲೂ ತಲೆಗೆ ಹೆಲ್ಮೆಟ್ಟು ಹಾಕಿ, ಗಾಜು ಕೆಳಗಿಳಿಸಿ, ಗೋಡೆಗೆ ಮುಖ ಮಾಡಿ ಕೂತಿದ್ದ. ಪಾಪ, ಯಾರೋ ನಾಚಿಕೆಯ ಸ್ವಭಾವದವರು ಎಂದುಕೊಂಡು ಗುಡಾಣ ಪಕ್ಕದ ಕುರ್ಚಿಯಲ್ಲಿ ಕೂತ.

“ಧೈರ್ಯವಾಗಿರಿ ಸಾರ್,” ಎಂದು ಸಮಾಧಾನ ಹೇಳಿದ. “ಏನೂ ಆಗಲ್ಲ. ನನಗೂ ಹೂವೆತ್ತಿದ ಹಾಗೆ ಆಯ್ತು.”

ಹೆಲ್ಮೆಟ್ಟು ಬೆಚ್ಚಿಬಿದ್ದು ಇನ್ನಷ್ಟು ಗೋಡೆಯ ಕಡೆಗೆ ತಿರುಗಿತು.

ನರ್ಸು ಬಾಗಿಲು ತೆರೆದಳು. “ಟೋಕನ್ ಏಳು! ಬನ್ನಿ, ತೂಕ ನೋಡಣ. ಹೆಲ್ಮೆಟ್ ತೆಗೀರಿ ಸಾರ್. ಅದರ ಭಾರಾನೂ ನಿಮ್ಮ ಲೆಕ್ಕಕ್ಕೇ ಬರತ್ತೆ.”

“ಇರ್ಲಿ ಬಿಡಮ್ಮಾ,” ಎಂದಿತು ಒಳಗಿನಿಂದ ಒಂದು ಗುಡುಗು.

ಗುಡಾಣ ಆ ಗುಡುಗನ್ನು ಹದಿನೆಂಟು ವರ್ಷ ಕೇಳಿದ್ದ. ನರ್ಸು ಎರಡೂ ಕೈಯಿಂದ ಹೆಲ್ಮೆಟ್ಟು ಎಳೆದಳು. ಬಾಟಲಿಯ ಬಿರಡೆ ಕಿತ್ತಂತೆ ‘ಪೊಕ್’ ಎಂದು ಕಳಚಿಕೊಂಡಿತು. ಒಳಗೆ ಬೆವರಿ ಕೆಂಪಾದ ಸಾಹೇಬರು!

“ನೀನಿಲ್ಲಿ?”

“ನೀವಿಲ್ಲಿ?”

“ಮೀಟಿಂಗು...”

“ಕಾಮಾಲೆ...”

ನರ್ಸಿಗೆ ಇದೊಂದೂ ಬೇಕಿರಲಿಲ್ಲ. ಸಾಹೇಬರನ್ನು ತಕ್ಕಡಿಯ ಮೇಲೆ ನಿಲ್ಲಿಸಿ ಫೈಲು ಬಿಡಿಸಿದಳು. “ಏನ್ ಸಾರ್ ಇದು? ಆಪರೇಷನ್ ಆಗಿ ಮೂರು ವರ್ಷ. ಎಷ್ಟು ಚೆನ್ನಾಗಿ ನಲವತ್ಮೂರು ಕಿಲೋ ಇಳಿಸಿದ್ರಿ! ಈ ಎರಡು ತಿಂಗಳಲ್ಲಿ ನಾಲ್ಕು ಕಿಲೋ ವಾಪಸ್ ಬಂದಿದೆ. ಯಾಕೆ?”

ಸಾಹೇಬರು ಕಿಟಕಿಯ ಹೊರಗೆ ನೋಡಿದರು. ಮೂರು ವರ್ಷ! ಸಾಹೇಬರು ‘ಟೈಫಾಯ್ಡ್’ ಎಂದು ಆರು ವಾರ ರಜೆ ಹಾಕಿದ್ದೂ ಆಗಲೇ. ಬಂದವರೇ ಗುಡಾಣನನ್ನು ಊಟಕ್ಕೆ ಕರೆಯಲು ಶುರು ಮಾಡಿದ್ದೂ ಆಗಲೇ. ಆಗ ಗುಡಾಣ ಎಂಬತ್ತೆಂಟು ಕಿಲೋ ಇದ್ದ. ಗುಡಾಣ ಎಂಬ ಹೆಸರು ಇನ್ನೂ ಹುಟ್ಟಿರಲಿಲ್ಲ. ಎಂಬತ್ತೆಂಟರಿಂದ ನೂರ ಮೂವತ್ತೊಂದು. ಬೆರಳು ಮಡಿಸಿ ಲೆಕ್ಕ ಹಾಕಿದ. ಸಾಹೇಬರ ಮೈಯಿಂದ ಇಳಿದ ನಲವತ್ಮೂರು ಕಿಲೋ ಎಲ್ಲಿಗೆ ಹೋಗಿತ್ತು ಎಂಬುದು, ಒಂದು ಗ್ರಾಮೂ ಆಚೀಚೆಯಾಗದಂತೆ, ಅವನಿಗೆ ಹೊಳೆಯಿತು.

“ಸಾರ್!” ಎಂದ. “ನನ್ನ ಆಪರೇಷನ್ನಿಗೆ ನೀವೇ ಕಾರಣ!”

“ಮೆಲ್ಲಗೆ ಮಾತಾಡೋ ಮಹಾರಾಯ,” ಎಂದು ಸಾಹೇಬರು ಅವನ ಎರಡೂ ಕೈ ಹಿಡಿದುಕೊಂಡರು. ಅಷ್ಟು ಮೆತ್ತಗಿನ ಸಾಹೇಬರನ್ನು ಗುಡಾಣ ನೋಡಿಯೇ ಇರಲಿಲ್ಲ. “ನಮ್ಮಮ್ಮನಿಗೆ ಎಂಬತ್ತೆರಡು ವರ್ಷ. ನನಗೆ ಆಪರೇಷನ್ ಆಗಿದ್ದು ಅವಳಿಗೆ ಗೊತ್ತಿಲ್ಲ. ಮಗ ಸೊರಗಿದಾನೆ ಅಂತ ದಿನಾ ಮೂರು ಡಬ್ಬಿ ತುಂಬಿ ಕಳಿಸ್ತಾಳೆ. ಸಾಯಂಕಾಲ ಡಬ್ಬಿ ತೆಗೆದು ನೋಡ್ತಾಳೆ. ಒಂದು ಅಗುಳು ಉಳಿದಿದ್ರೂ ಅವಳು ಊಟ ಬಿಟ್ಟು ಮಲಗಿಬಿಡ್ತಾಳೆ. ನಾನೇನ್ ಮಾಡ್ಲಿ? ನೀನೊಬ್ಬ ಸಿಕ್ಕಿದೆ. ನೀನು ರಜೆ ಹಾಕಿದ ಮೇಲೆ ನಾನೇ ತಿನ್ನಬೇಕಾಗಿ ಬಂತು ಕಣಯ್ಯಾ, ನಾನೇ!”

ಗುಡಾಣನಿಗೆ ಕೋಪ ಬರಬೇಕಾಗಿತ್ತು. ಬಂದದ್ದು ಖುಷಿ. ಸುಳ್ಳು ಹೇಳಿ ರಜೆ ಹಾಕಿದವರು ಈಗ ಇಬ್ಬರು, ಅದರಲ್ಲೊಬ್ಬರು ಮೆಮೊ ಬರೆಯುವವರೇ! ಮೆಮೊ ಇನ್ನು ಸತ್ತ ಹಾಗೆಯೇ. ಅವನು ಎದೆಯುಬ್ಬಿಸಿಕೊಂಡು ಪಥ್ಯದ ಮೇಡಂ ಕೋಣೆಗೆ ನಡೆದ.

ಒಳಗೂ ಶುಭವೇ ಕಾದಿತ್ತು. ನೂರ ಒಂಬತ್ತು ಕಿಲೋ. ಗಾಯ ಒಣಗಿದೆ. ರಕ್ತ ಚೆನ್ನಾಗಿದೆ. ಊಟದ ಡೈರಿ ಅಚ್ಚುಕಟ್ಟಾಗಿದೆ. ಕೇಕಿನ ಒಂದು ತುತ್ತನ್ನೂ ಬಿಡದೆ ಬರೆದಿದ್ದಾನೆ.

“ನನ್ನ ರೋಗಿಗಳಲ್ಲೇ ನೀವು ಒಂದನೇ ನಂಬರು,” ಎಂದರು ಮೇಡಂ. “ಇವತ್ತಿಂದ ಗರಿಗರಿಯದು ತಿನ್ನಬಹುದು. ಒಂದೇ ಚೂರು. ನನ್ನ ಮುಂದೆಯೇ ಒಂದ್ಸಲ ತಿನ್ನಿ ನೋಡಣ.” ಡ್ರಾಯರು ತೆರೆದು ಒಣಗಿಸಿ ಸುಟ್ಟ ಬ್ರೆಡ್ಡಿನ ಒಂದು ಚೂರನ್ನು ತಟ್ಟೆಯಲ್ಲಿಟ್ಟರು.

ಗುಡಾಣ ಕಣ್ಣು ಮುಚ್ಚಿ ಕಚ್ಚಿದ.

ಕರುಂ!

ಆ ಶಬ್ದ ಹಲ್ಲಿನಿಂದ ಹೊರಟು, ಕಿವಿಯೊಳಗೆ ತುಂಬಿ, ಬೆನ್ನುಹುರಿಯಗುಂಟ ಹೆಬ್ಬೆರಳಿನವರೆಗೂ ಇಳಿಯಿತು. ಮೂವತ್ತು ಸಲ ಅಗಿದ. ಮೂವತ್ತೊಂದನೆಯದನ್ನು ಸಂತೋಷಕ್ಕೆ ಅಗಿದ. ಹೊಟ್ಟೆ ತಕರಾರಿಲ್ಲದೆ ಬರಮಾಡಿಕೊಂಡಿತು. ಮೇಡಂಗೆ ನಾಲ್ಕು ಸಲ ನಮಸ್ಕಾರ ಮಾಡಿ, ಕುಣಿಯುವ ಕಾಲುಗಳನ್ನು ಹೇಗೋ ಹಿಡಿತದಲ್ಲಿಟ್ಟುಕೊಂಡು ಹೊರಗೆ ಬಂದ.

ಆಸ್ಪತ್ರೆಯ ಮೆಟ್ಟಿಲ ಕೆಳಗೆ ಸಾಹೇಬರು ಸ್ಕೂಟರಿನ ಪಕ್ಕದಲ್ಲಿ ಕಾಯುತ್ತಿದ್ದರು.

“ಶಬ್ದ ಇಲ್ಲಿವರೆಗೂ ಕೇಳಿಸ್ತಯ್ಯಾ. ಅನುಮತಿ ಸಿಕ್ತಾ?”

“ಸಿಕ್ತು ಸಾರ್! ಗರಿಗರಿ ತಿನ್ನಬಹುದಂತೆ!”

ಸಾಹೇಬರ ಕಣ್ಣು ತುಂಬಿ ಬಂತು. “ಅಂತೂ ಬದುಕಿದೆ!” ಎನ್ನುತ್ತ ಸ್ಕೂಟರಿನ ಕೊಕ್ಕೆಯಿಂದ ಮೂರಂತಸ್ತಿನ ಡಬ್ಬಿ ತೆಗೆದರು. “ನೀನು ವಾಪಸ್ ಕೊಟ್ಟಿದ್ದೆಲ್ಲ ಹಾಗೇ ಇದೆ. ಐದೂವರೆಗೆ ಅಮ್ಮ ಬಾಗಿಲಲ್ಲೇ ನಿಂತಿರ್ತಾಳೆ. ಬೇಗ ಶುರು ಮಾಡು.”

“ಸಾರ್! ಅನುಮತಿ ಸಿಕ್ಕಿದ್ದು ಒಂದು ಚೂರಿಗೆ! ನಿಮಗೇ ಗೊತ್ತಲ್ಲ, ಮೂವತ್ತು ಸಲ ಅಗೀಬೇಕು. ಇಷ್ಟು ಮುಗಿಸೋಕೆ ಮುಂದಿನ ತಿಂಗಳಾಗತ್ತೆ!”

“ತಿನ್ನು ಅಂತ ಎಲ್ಲಿ ಹೇಳ್ದೆ? ಖಾಲಿ ಮಾಡು ಅಂದೆ. ತಿಂತೀಯೋ, ಹಂಚ್ತೀಯೋ, ನಿನ್ನ ವಿಭಾಗ, ನಿನ್ನ ಇಷ್ಟ. ದಿನಾ ಮಧ್ಯಾಹ್ನ ಕಳಿಸಿಕೊಡ್ತೀನಿ. ಮೆಮೊ ನನ್ನ ಜೇಬಲ್ಲೇ ಇರ್ಲಿ, ಯಾಕೆ ಅವಸರ?”

“ನಾನೂ ನಿಮ್ಮ ಟೈಫಾಯ್ಡಿನ ವಿಷಯ ಹೇಳಿಬಿಡ್ತೀನಿ ಸಾರ್!”

“ಹೇಳು. ಯಾರಿಗೆ ಹೇಳ್ತೀಯ? ಮೇಲಿನವರಿಗೆ ಬರೆಯೋ ಕಾಗದ ಹೋಗೋದೂ ನನ್ನ ಕೈಯಿಂದಲೇ.”

ಅಷ್ಟು ಹೇಳಿ ಸಾಹೇಬರು ಗುಡಾಣನ ಬಟ್ಟೆಯ ಚೀಲದ ಬಾಯಿ ಅಗಲಿಸಿ, ಐದು ಖಾಲಿ ಬಟ್ಟಲುಗಳಿಗೂ ಕರಿದದ್ದು, ಬೇಯಿಸಿದ್ದು, ಪಾಕದ್ದು ಎಲ್ಲ ಚಕಚಕನೆ ಸುರಿದರು. ಬಟ್ಟಲುಗಳು ತುಂಬಿ ತುಳುಕಿದವು. ಉಳಿದದ್ದನ್ನು ಅವನ ಬೊಗಸೆಗೆ ಸುರಿದರು. ಒಂದು ತುಂಡು ಇನ್ನೂ ಉಳಿದಾಗ, “ಆ ಅನ್ನು,” ಎಂದರು. ಮೂರು ವರ್ಷದ ಅಭ್ಯಾಸಬಲದಿಂದ ಗುಡಾಣ ‘ಆ’ ಅಂದ. ಆ ತುಂಡು ಬಾಯಿಗೆ ಬಿತ್ತು.

ಆ ಕ್ಷಣಕ್ಕೇ ಅವರ ಬೆನ್ನ ಹಿಂದೆ ಆಸ್ಪತ್ರೆಯ ಬಾಗಿಲು ಕಿರುಗುಟ್ಟಿತು. ದಿನದ ಕೆಲಸ ಮುಗಿಸಿದ ಪಥ್ಯದ ಮೇಡಂ ಬೀಗದಕೈ, ಫೈಲುಗಳ ಕಟ್ಟು ಹಿಡಿದು ಹೊರಗೆ ಬಂದು, ತಮ್ಮ ಒಂದನೇ ನಂಬರಿನ ರೋಗಿಯನ್ನು ಕಂಡು ಅಲ್ಲೇ ಕಲ್ಲಾದರು. ಅವನ ಚೀಲದಿಂದ ಪಾಕ ತೊಟ್ಟಿಕ್ಕುತ್ತಿತ್ತು. ಬೊಗಸೆಯಲ್ಲಿ ಕರಿದದ್ದರ ಗುಡ್ಡೆ, ಕೆನ್ನೆಯಲ್ಲಿ ಒಂದು ಉಬ್ಬು.

“ಅನುಮತಿ ಕೊಟ್ಟು ಹತ್ತು ನಿಮಿಷ ಆಗಿಲ್ಲ!” ಎಂದರು.

ಗುಡಾಣ ವಿವರಿಸಬೇಕೆಂದು ಸಾಹೇಬರ ಕಡೆಗೆ ನೋಡಿದ. ಬಾಯಿ ತುಂಬಿದೆ, ಮಾತು ಹೊರಡದು. ಬೆರಳು ತೋರಿಸೋಣವೆಂದರೆ ಎರಡೂ ಕೈ ತುಂಬಿವೆ. ನಾಲ್ಕು, ಐದು, ಆರು...

ಸಾಹೇಬರು ಖಾಲಿ ಡಬ್ಬಿಗೆ ಮುಚ್ಚಳ ಹಾಕಿ, ಹೆಲ್ಮೆಟ್ಟು ಏರಿಸಿಕೊಂಡರು.

“ನಾನೂ ಅದನ್ನೇ ಬುದ್ಧಿ ಹೇಳ್ತಾ ಇದ್ದೆ ಮೇಡಂ,” ಎಂದು ನಿಟ್ಟುಸಿರಿಟ್ಟರು. “ಕೇಳೋ ಪೈಕಿ ಅಲ್ಲ ಅವನು.”

ಸ್ಕೂಟರು ಡಬ್ಬಿಯನ್ನು ಟಣಟಣ ಕುಣಿಸುತ್ತ ತಿರುವಿನಲ್ಲಿ ಮರೆಯಾಯಿತು. ಗುಡಾಣ ಹದಿನೇಳರಲ್ಲಿದ್ದ. ಮೇಡಂ ಮೆಟ್ಟಿಲ ಮೇಲೆಯೇ ಕೂತು ಅವನ ಫೈಲು ಬಿಡಿಸಿ, ಆಗಷ್ಟೇ ಬರೆದಿದ್ದ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ದಪ್ಪಕ್ಷರದಲ್ಲಿ ಬರೆದರು: ಇನ್ನೊಂದು ತಿಂಗಳು, ಹಿಸುಕಿದ್ದು ಮಾತ್ರ.